ಮದುವೆ ಕಾರ್ಡಿನ ಚೆಂಡು, ಮೈದಾ ಹಿಟ್ಟಿನ ನಕ್ಷತ್ರ: ಮನೆಯಲ್ಲಿ ಮಿಕ್ಕ ಸಾಮಾನಿನಿಂದಲೇ ಕ್ರಿಸ್ಮಸ್ ಅಲಂಕಾರ

ನಮ್ಮ ಮನೆಯ ಟಿವಿ ಕಪಾಟಿನ ಕೆಳಗೆ ಒಂದು ದೊಡ್ಡ ಬಿಸ್ಕತ್ ಡಬ್ಬ ಇದೆ. ಬಿಸ್ಕತ್ ಒಂದನ್ನು ಬಿಟ್ಟು ಮಿಕ್ಕಿದ್ದೆಲ್ಲಾ ಅದರಲ್ಲಿದೆ. ಮಗಳ ಶಾಲೆ ಪ್ರಾಜೆಕ್ಟಿನಿಂದ ಉಳಿದ ಚಾರ್ಟ್ ಪೇಪರ್ ಚೂರು, ಅರ್ಧ ಗಟ್ಟಿಯಾದ ಫೆವಿಕಾಲ್, ಮುರಿದ ಕ್ರೇಯಾನ್, ಸ್ವೆಟರ್ ಹೆಣೆಯುತ್ತೇನೆ ಅಂತ ತಂದು ಕೈಬಿಟ್ಟ ಉಲ್ಲನ್ ಉಂಡೆ, ನವೆಂಬರ್ ಒಂದಕ್ಕೆ ಗೇಟಿಗೆ ಕಟ್ಟಿ ಮಿಕ್ಕ ಕೆಂಪು-ಹಳದಿ ರಿಬ್ಬನ್. ಮೊದಲೆಲ್ಲಾ ಡಿಸೆಂಬರ್ ಬಂದರೆ ನಾನು ನೇರ ಅಂಗಡಿಗೆ ಹೋಗುತ್ತಿದ್ದೆ. ಡಬ್ಬ ನೆನಪಾಗುತ್ತಿದ್ದದ್ದು ವಾಪಸ್ ಬಂದ ಮೇಲೆ. ಈಗ ಉಲ್ಟಾ ಮಾಡಿದ್ದೇನೆ. ಮೊದಲು ಡಬ್ಬವನ್ನು ನೆಲದ ಮೇಲೆ ಸುರಿಯುತ್ತೇನೆ. ಏನಿದೆಯೋ ಅದನ್ನು ನೋಡಿ ಏನು ಮಾಡುವುದು ಅಂತ ಯೋಚಿಸುತ್ತೇನೆ. ಯಾವುದೋ ಚಂದದ ಫೋಟೋ ನೋಡಿ, ಅದಕ್ಕೆ ಬೇಕಾದ ಸಾಮಾನಿನ ಪಟ್ಟಿ ಹಿಡಿದು ಹೊರಟರೆ ಮನೆಯಲ್ಲಿ ಮಾಡಿದ್ದು ಅಂಗಡಿಯದಕ್ಕಿಂತ ದುಬಾರಿ ಬೀಳುತ್ತದೆ. ಆ ದುಡ್ಡು ನಾನು ಕಳೆದಿದ್ದೇನೆ, ಹಾಗಾಗಿ ಹೇಳುತ್ತಿದ್ದೇನೆ.

ಕ್ರಿಸ್ಮಸ್ ಮರಕ್ಕೆ ತೂಗುಹಾಕುವ ಗಾಜಿನ ಚೆಂಡಿನ ಬಗ್ಗೆಯೂ ಇಂಥದ್ದೇ ಒಂದು ಕಥೆ ಇದೆ. ಜರ್ಮನಿಯ ಲೌಶಾ ಗಾಜಿನ ಕೆಲಸದವರ ಊರು. ಅಲ್ಲಿನ ಒಬ್ಬ ಬಡ ಕೆಲಸಗಾರನಿಗೆ ಕ್ರಿಸ್ಮಸ್ ಮರಕ್ಕೆ ಕಟ್ಟಲು ಸೇಬು, ಅಕ್ರೋಟು ಕೊಳ್ಳುವಷ್ಟು ದುಡ್ಡಿರಲಿಲ್ಲವಂತೆ. ಕೈಗೆ ಸಿಕ್ಕ ಗಾಜನ್ನೇ ಊದಿ ಹಣ್ಣಿನ ಆಕಾರ ಮಾಡಿ ತೂಗುಹಾಕಿದನಂತೆ. ಕಥೆ ನಿಜವೋ ಅಲ್ಲವೋ, 19ನೇ ಶತಮಾನದಲ್ಲಿ ಆ ಊರಿನ ಗಾಜಿನ ಚೆಂಡುಗಳು ಹೊರದೇಶಕ್ಕೆ ಹೋಗಿದ್ದಂತೂ ನಿಜ.

ಮೊದಲು ಮರ ನೋಡಿ

ಅಲಂಕಾರದ ತೂಕ ಎಷ್ಟಿರಬೇಕು ಅಂತ ಹೇಳುವುದು ಮರ. ನಮ್ಮಲ್ಲಿ ಕ್ರಿಸ್ಮಸ್ ಮರ ಅಂದರೆ ಗಾಳಿ ಮರದ ಒಂದು ಕೊಂಬೆ. ಕೆಲವರು ಸರ್ವೆ ಅನ್ನುತ್ತಾರೆ. ಬಕೆಟ್ಟಿಗೆ ಒದ್ದೆ ಮರಳು ತುಂಬಿ ಅದರಲ್ಲಿ ನೆಡುತ್ತೇವೆ. ನೋಡಲು ಬಹಳ ಚೆಂದ, ಆದರೆ ಅದರ ಕಡ್ಡಿಗಳು ದಾರದಷ್ಟು ಸಣ್ಣ. ಸ್ವಲ್ಪ ಭಾರ ಬಿದ್ದರೂ ಬಾಗಿ ನೆಲ ನೋಡುತ್ತವೆ. ಹಾಗಾಗಿ ಗಾಳಿ ಮರಕ್ಕೆ ಕಾಗದ, ಉಲ್ಲನ್, ದಾರ ಸರಿ. ಹಿಟ್ಟಿನಲ್ಲಿ ಮಾಡಿದ್ದನ್ನು ದಪ್ಪ ಕೊಂಬೆಯ ಬುಡದ ಹತ್ತಿರ ಮಾತ್ರ ಕಟ್ಟಬೇಕು. ತಂತಿ ಕೊಂಬೆಯ ಪ್ಲಾಸ್ಟಿಕ್ ಮರ ಇದ್ದರೆ ಈ ಚಿಂತೆ ಇಲ್ಲ. ಮರವೇ ಇಲ್ಲದಿದ್ದರೆ ಕಿಟಕಿ ಸರಳು, ಗೋದಲಿಯ (ಯೇಸು ಹುಟ್ಟಿದ ಕೊಟ್ಟಿಗೆಯ ಗೊಂಬೆ ಅಲಂಕಾರದ) ಚಪ್ಪರ, ಬಾಗಿಲ ಮೇಲಿನ ತೋರಣದ ಮೊಳೆ, ಎಲ್ಲಿ ಬೇಕಾದರೂ ಕಟ್ಟಬಹುದು.

ಇನ್ನೊಂದು ಮಾತು ದಿನದ ಲೆಕ್ಕದ್ದು. ಹಿಟ್ಟು ಒಣಗಲು ಮೂರು ನಾಲ್ಕು ದಿನ ಬೇಕು. ಡಿಸೆಂಬರ್ 22ರ ರಾತ್ರಿ ಶುರು ಮಾಡಿದರೆ ಹಬ್ಬದ ದಿನ ಹಸಿ ನಕ್ಷತ್ರ ತೂಗುಹಾಕಬೇಕಾಗುತ್ತದೆ. ಆಗಮನ ಕಾಲದ, ಅಂದರೆ ಕ್ರಿಸ್ಮಸ್ಸಿಗೆ ಮುಂಚಿನ ಸಿದ್ಧತೆಯ ವಾರಗಳ, ಮೊದಲ ಭಾನುವಾರ ನವೆಂಬರ್ 27ರಿಂದ ಡಿಸೆಂಬರ್ 3ರ ಒಳಗೆ ಬರುತ್ತದೆ. ಅವತ್ತು ಮಧ್ಯಾಹ್ನ ಊಟ ಆದ ಮೇಲೆ ಡಬ್ಬ ಸುರಿದರೆ ಆರಾಮಾಗಿ ಮುಗಿಯುತ್ತದೆ.

ಡಬ್ಬದಲ್ಲಿ ಯಾವುದು ಬದುಕಿದೆ, ಯಾವುದು ಸತ್ತಿದೆ

ಫೆವಿಕಾಲ್ ದಪ್ಪಗಾಗಿದ್ದರೆ ಎರಡು ಮೂರು ಹನಿ ನೀರು ಹಾಕಿ ಕಡ್ಡಿಯಲ್ಲಿ ತಿರುವಿ, ಸರಿಹೋಗುತ್ತದೆ. ರಬ್ಬರಿನಂತೆ ಆಗಿದ್ದರೆ ಎಸೆಯಿರಿ. ಬಟ್ಟೆಗೆ ಬಳಿಯುವ ಅಕ್ರಿಲಿಕ್ ಬಣ್ಣಕ್ಕೂ ಇದೇ ನಿಯಮ. ಬಾಟಲಿಯಲ್ಲಿ ಕಲ್ಲಾದ ಅಕ್ರಿಲಿಕ್ ಮತ್ತೆ ಕರಗುವುದಿಲ್ಲ, ಸುಮ್ನೆ ಒದ್ದಾಡಬೇಡಿ. ಸ್ಕೆಚ್ ಪೆನ್ ಒಣಗಿದ್ದರೆ ಅದರ ತುದಿಯನ್ನು ಒಂದು ಮುಚ್ಚಳ ನೀರಿನಲ್ಲಿ ಅರ್ಧ ಗಂಟೆ ಅದ್ದಿಡಿ. ತೆಳು ಬಣ್ಣದ ನೀರು ಸಿಗುತ್ತದೆ, ಕಾಗದಕ್ಕೆ ಸಾಕು.

ಗ್ಲಿಟರ್ ಬಗ್ಗೆ ನನಗೆ ಒಂದು ತಕರಾರಿದೆ. ಕ್ರಿಸ್ಮಸ್ಸಿಗೆ ಉದುರಿದ ಮಿಂಚು ಯುಗಾದಿವರೆಗೂ ಮನೆಯಲ್ಲಿ, ತಲೆದಿಂಬಿನ ಮೇಲೆ, ಒಮ್ಮೊಮ್ಮೆ ಅನ್ನದಲ್ಲೂ ಸಿಗುತ್ತದೆ. ಜಾಸ್ತಿ ಪಾಲು ಅದು ಪ್ಲಾಸ್ಟಿಕ್ಕಿನ ಪುಡಿ. ಯುರೋಪಿಯನ್ ಒಕ್ಕೂಟ 2023ರಲ್ಲಿ ಬಿಡಿ ಪ್ಲಾಸ್ಟಿಕ್ ಗ್ಲಿಟರ್ ಮಾರಾಟವನ್ನು ತಡೆಯುವ ನಿಯಮ ತಂದಿತು. ಮನೆಯಲ್ಲಿ ಇರುವುದನ್ನು ಬಳಸಿ ಮುಗಿಸಿ, ಹೊಸದು ತರಬೇಡಿ. ಹೊಳಪು ಬೇಕಾದರೆ ಚಾಕೊಲೇಟಿನ ಬೆಳ್ಳಿ ಕಾಗದ ಇದೆ, ಹಳೆ ಸೀರೆಯ ಜರಿ ಇದೆ. ಎಲ್ಲಕ್ಕಿಂತ ಚೆನ್ನಾಗಿರುವುದು ಮದುವೆ ಕಾರ್ಡು.

ಮದುವೆ ಕಾರ್ಡಿನ ಚೆಂಡು

ಒಂದೇ ಒಂದು ಅಲಂಕಾರ ಮಾಡುವುದಾದರೆ ಇದನ್ನು ಮಾಡಿ. ಮದುವೆ ಕಾರ್ಡಿನ ಕಾಗದ ಗಟ್ಟಿ, ಮೇಲೆ ಚಿನ್ನದ ಬಣ್ಣದ ಅಚ್ಚು, ಒಳಗೆ ಮರೂನು, ಹಸಿರು, ಕೆನೆ ಬಣ್ಣ. ಇಷ್ಟು ಒಳ್ಳೆ ಕಾಗದವನ್ನು ದುಡ್ಡು ಕೊಟ್ಟು ತರಲು ಹೋದರೆ ಕೈ ಸುಡುತ್ತದೆ. ಕಾರ್ಡಿನ ಮೇಲೆ ಗಣೇಶನ ಚಿತ್ರವೋ ಶಿಲುಬೆಯೋ ವಧೂವರರ ಫೋಟೋವೋ ಇದ್ದರೆ ಆ ಭಾಗಕ್ಕೆ ಕತ್ತರಿ ಹಾಕದೆ ತೆಗೆದಿಡುತ್ತೇನೆ. ಮಿಕ್ಕಿದ್ದೇ ಬೇಕಾದಷ್ಟಾಗುತ್ತದೆ. ಒಂದು ಚೆಂಡಿಗೆ ಮೂರ್ನಾಲ್ಕು ಕಾರ್ಡು ಸಾಕು.

1. ಕಂಪಾಸನ್ನು 2.5 ಸೆಂ.ಮೀ.ಗೆ ಅಗಲಿಸಿ 20 ವೃತ್ತ ಬರೆಯಿರಿ. ಕತ್ತರಿಸುವಾಗ ಕತ್ತರಿಯನ್ನು ತಿರುಗಿಸಬೇಡಿ, ಕಾಗದವನ್ನು ತಿರುಗಿಸಿ. ಅಂಚು ನುಣ್ಣಗೆ ಬರುತ್ತದೆ.

2. ಬೇರೆ ರಟ್ಟಿನಲ್ಲಿ ಇದೇ ಅಳತೆಯ ಇನ್ನೊಂದು ವೃತ್ತ ಬರೆಯಿರಿ. ಕಂಪಾಸಿನ ಅಗಲ ಬದಲಿಸದೆ ವೃತ್ತದ ಗೆರೆಯ ಮೇಲೇ ಮುಳ್ಳಿಟ್ಟು ಗುರುತು ಹಾಕುತ್ತಾ ಹೋದರೆ ಸರಿಯಾಗಿ ಆರು ಗುರುತು ಬರುತ್ತವೆ. ಒಂದು ಬಿಟ್ಟು ಒಂದರಂತೆ ಮೂರನ್ನು ಸೇರಿಸಿ. ಸಮಬಾಹು ತ್ರಿಕೋನ ಸಿಗುತ್ತದೆ. ಅದನ್ನು ಕತ್ತರಿಸಿ ಇಟ್ಟುಕೊಳ್ಳಿ, ಅದೇ ನಿಮ್ಮ ಅಚ್ಚು.

3. ಪ್ರತಿ ವೃತ್ತದ ಮೇಲೂ ಅಚ್ಚು ಇಟ್ಟು, ರೀಫಿಲ್ ಖಾಲಿಯಾದ ಪೆನ್ನಿನಿಂದ ಮೂರು ಬದಿಯಲ್ಲೂ ಒತ್ತಿ ಗೆರೆ ಎಳೆಯಿರಿ. ಆ ಗೆರೆಯಲ್ಲಿ ಮೂರು ರೆಕ್ಕೆಗಳನ್ನು ಬಣ್ಣ ಇರುವ ಕಡೆಗೆ ಮಡಚಿ. ಗೆರೆ ಒತ್ತದೆ ಮಡಚಿದರೆ ದಪ್ಪ ಕಾಗದ ಸೀಳುತ್ತದೆ, ಚೆಂಡು ಸೊಟ್ಟಗಾಗುತ್ತದೆ.

4. ರೆಕ್ಕೆಯ ಬೆನ್ನಿಗೆ ಫೆವಿಕಾಲ್ ಹಚ್ಚಿ ಪಕ್ಕದ ವೃತ್ತದ ರೆಕ್ಕೆಯ ಬೆನ್ನಿಗೆ ಅಂಟಿಸಬೇಕು. ಹೀಗೆ ಐದು ವೃತ್ತಗಳನ್ನು, ಒಂದೊಂದು ತ್ರಿಕೋನದ ಒಂದು ತುದಿ ನಡುವೆ ಸೇರುವಂತೆ, ಸುತ್ತಲೂ ಅಂಟಿಸಿ. ಪುಟ್ಟ ಛತ್ರಿಯಂತೆ ಆಗುತ್ತದೆ. ಇಂಥ ಎರಡು ಛತ್ರಿ ಬೇಕು.

5. ಮಿಕ್ಕ ಹತ್ತು ವೃತ್ತಗಳನ್ನು ಒಂದು ನೆಟ್ಟಗೆ, ಒಂದು ತಲೆಕೆಳಗೆ ಮಾಡಿ ಸಾಲಾಗಿ ಅಂಟಿಸಿ. ಎರಡು ಕೊನೆ ಸೇರಿಸಿದರೆ ದಪ್ಪ ಬಳೆಯಂತೆ ಆಗುತ್ತದೆ.

6. ಒಂದು ಛತ್ರಿಯ ನೆತ್ತಿಯಲ್ಲಿ ಸೂಜಿಯಿಂದ ದಾರ ತೂರಿಸಿ, ಒಳಗಡೆ ಒಂದು ಮಣಿಯನ್ನೋ ಶರ್ಟಿನ ಗುಂಡಿಯನ್ನೋ ಸೇರಿಸಿ ಗಂಟು ಹಾಕಿ. ಚೆಂಡು ಮುಚ್ಚಿದ ಮೇಲೆ ದಾರ ಪೋಣಿಸಲು ಆಗದು. ಆಮೇಲೆ ಬಳೆಯ ಮೇಲೊಂದು, ಕೆಳಗೊಂದು ಛತ್ರಿ ಅಂಟಿಸಿ.

ಅಂಟು ಹಿಡಿಯುವವರೆಗೂ ಬಟ್ಟೆ ಕ್ಲಿಪ್ ಹಾಕಿಡಿ. ಒಟ್ಟು ಒಂದೂವರೆ ಗಂಟೆ ಕೆಲಸ. ದೊಡ್ಡ ಮೂಸಂಬಿಯಷ್ಟು ಚೆಂಡು ಬರುತ್ತದೆ, ಒಳಗೆ ಟೊಳ್ಳು. ಗಾಳಿ ಮರದ ತುದಿಯನ್ನೂ ಬಗ್ಗಿಸುವುದಿಲ್ಲ. ಒಂದು ವೃತ್ತದಲ್ಲಿ ‘ಚಿ। ಸೌ।’ ಅಂತಲೋ ‘ಮುಹೂರ್ತ’ ಅಂತಲೋ ಅರ್ಧ ಅಕ್ಷರ ಉಳಿದರೆ ಉಳಿಯಲಿ. ಅದೇ ಅದರ ಚಂದ.

ಕಂಪಾಸ್ ಬಾಕ್ಸ್ ಹೊರಗಿದ್ದಾಗಲೇ ಒಂದು ನಕ್ಷತ್ರ

ಕೋನಮಾಪಕದಲ್ಲಿ 72 ಡಿಗ್ರಿಗೊಂದರಂತೆ ವೃತ್ತದ ಮೇಲೆ ಐದು ಗುರುತು ಹಾಕಿ. ಒಂದು ಬಿಟ್ಟು ಒಂದನ್ನು ಗೆರೆಯಿಂದ ಸೇರಿಸಿದರೆ ಐದು ಮೂಲೆಯ ನಕ್ಷತ್ರ. ಕತ್ತರಿಸಿ. ಹೊರಗಿನ ಐದು ತುದಿಗಳಿಂದ ನಡುವಿಗೆ ಉಬ್ಬುವಂತೆ ಮಡಿಕೆ ಹಾಕಿ, ಒಳಗಿನ ಐದು ಮೂಲೆಗಳಿಂದ ನಡುವಿಗೆ ತಗ್ಗುವಂತೆ ಮಡಿಕೆ ಹಾಕಿ. ಚಪ್ಪಟೆ ಕಾಗದ ಎದ್ದು ನಿಲ್ಲುತ್ತದೆ. ಒಂದು ಬಾಲ್ಕನಿಗೆ ತೂಗುವ ದೊಡ್ಡ ನಕ್ಷತ್ರದ ಮರಿಯಂತೆ ಕಾಣುತ್ತದೆ. ಕಾರ್ನ್‌ಫ್ಲೇಕ್ಸ್ ಡಬ್ಬದ ರಟ್ಟು ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ.

ಇದು ಲೆಕ್ಕದ ಪಾಠ ಇದ್ದ ಹಾಗಿದೆ ಅಂತ ಮಕ್ಕಳು ಗೊಣಗಿದರೆ ಹೌದು ಅನ್ನಿ. ಕ್ರಿಸ್ಮಸ್ಸಿಗೆ ಹಾಕುವ ಬಹಳ ಮುಳ್ಳಿನ ಮೊರಾವಿಯನ್ ನಕ್ಷತ್ರ ಹುಟ್ಟಿದ್ದೇ 1830ರ ದಶಕದಲ್ಲಿ, ಜರ್ಮನಿಯ ನೀಸ್ಕಿ ಊರಿನ ಒಂದು ಹುಡುಗರ ಶಾಲೆಯಲ್ಲಿ, ರೇಖಾಗಣಿತ ಕಲಿಸಲು.

ಮೈದಾ ಹಿಟ್ಟು ಮತ್ತು ಉಪ್ಪು

ಮಕ್ಕಳು ಜಾಸ್ತಿ ಇಷ್ಟಪಡುವುದು ಇದನ್ನೇ. ಅಳತೆ ಸುಲಭ. ಎರಡು ಲೋಟ ಮೈದಾ, ಒಂದು ಲೋಟ ಪುಡಿ ಉಪ್ಪು, ಮುಕ್ಕಾಲು ಲೋಟದಿಂದ ಒಂದು ಲೋಟ ನೀರು. ಕಲ್ಲುಪ್ಪು ಬೇಡ, ಹರಳು ಎದ್ದು ಕಾಣುತ್ತದೆ. ಗೋಧಿ ಹಿಟ್ಟಿನಲ್ಲೂ ಆಗುತ್ತದೆ, ಆದರೆ ಕಂದು ಬಣ್ಣ ಬರುತ್ತದೆ. ದೇವದೂತನ ಮುಖಕ್ಕೆ ಮೈದಾ, ಗೋದಲಿಯ ಒಂಟೆಗೆ ಗೋಧಿ ಅಂತ ನಮ್ಮಲ್ಲಿ ಹಂಚಿಕೆ ಆಗಿದೆ.

ನೀರನ್ನು ಒಂದೇ ಸಲ ಸುರಿಯಬೇಡಿ. ಚಪಾತಿ ಹಿಟ್ಟಿಗಿಂತ ಸ್ವಲ್ಪ ಗಟ್ಟಿ ಬರಬೇಕು. ಹತ್ತು ನಿಮಿಷ ಚೆನ್ನಾಗಿ ನಾದಿ. ಇಲ್ಲಿ ಸೋಮಾರಿತನ ಮಾಡಿದರೆ ಒಣಗುವಾಗ ಬಿರುಕು ಬಿಡುತ್ತದೆ. ಅರ್ಧ ಸೆಂ.ಮೀ. ದಪ್ಪಕ್ಕೆ ಲಟ್ಟಿಸಿ. ಕತ್ತರಿಸಲು ಅಚ್ಚು ಇಲ್ಲವೇ? ಅಡುಗೆಮನೆ ಇದೆಯಲ್ಲ. ಚಿಕ್ಕ ಸ್ಟೀಲ್ ಲೋಟದಿಂದ ಗುಂಡಗೆ ಕತ್ತರಿಸಿ. ಕರ್ಜಿಕಾಯಿ ಅಂಚು ಕತ್ತರಿಸುವ ಹಲ್ಲಿನ ಚಕ್ರದಿಂದ ಗಂಟೆ, ಮರ, ಮೀನು ಕತ್ತರಿಸಿದರೆ ಅಂಚಿಗೆ ತಾನೇ ನಿರಿಗೆ ಬರುತ್ತದೆ. ಹಿಟ್ಟನ್ನು ಜರಡಿಯಲ್ಲಿ ಒತ್ತಿ ಇಳಿಸಿದರೆ ಕುರಿಯ ಉಣ್ಣೆ. ಚಕ್ಕುಲಿ ಒರಳಿಗೆ ಸಣ್ಣ ಸೇವೆಯ ಬಿಲ್ಲೆ ಹಾಕಿ ಒತ್ತಿದರೆ ದೇವದೂತನ ಕೂದಲು. ಒಂದು ತುಂಡಿಗೆ ಇನ್ನೊಂದನ್ನು ಅಂಟಿಸುವಾಗ ಬೆರಳಿಂದ ಸ್ವಲ್ಪ ನೀರು ಸವರಿದರೆ ಸಾಕು. ಆಮೇಲೆ ಒರಳನ್ನು ತಕ್ಷಣ ತೊಳೆಯಿರಿ. ಅದರಲ್ಲಿ ಹಿಟ್ಟು ಒಣಗಿದರೆ ಹಬ್ಬದ ಚಕ್ಕುಲಿಗೆ ಗತಿ ಇಲ್ಲ.

ದಾರಕ್ಕೆ ತೂತು ಹಸಿಯಿದ್ದಾಗಲೇ ಮಾಡಬೇಕು. ಎಳನೀರಿನ ಸ್ಟ್ರಾ ಸರಿಯಾದ ಅಳತೆ. ಅಂಚಿನಿಂದ ಒಂದು ಸೆಂ.ಮೀ. ಒಳಗೆ ಚುಚ್ಚಿ, ತೀರಾ ಅಂಚಿಗೆ ಮಾಡಿದರೆ ಅಲ್ಲೇ ಮುರಿಯುತ್ತದೆ.

ಬೆಂಗಳೂರು, ಮೈಸೂರು, ಹುಬ್ಬಳ್ಳಿ ಕಡೆ ಡಿಸೆಂಬರ್ ಬಿಸಿಲೇ ಸಾಕು. ಮೊರದ ಮೇಲೆ ಬಟ್ಟೆ ಹಾಸಿ ಮೂರು ನಾಲ್ಕು ದಿನ ಒಣಗಿಸಿ, ಬೆಳಗ್ಗೆ ಸಂಜೆ ಮಗುಚಿ ಹಾಕಿ. ಮಗುಚದಿದ್ದರೆ ಹಪ್ಪಳದಂತೆ ಅಂಚು ಮೇಲೇಳುತ್ತದೆ. ಸಂಜೆಯ ಇಬ್ಬನಿಗೆ ಬಿಡದೆ ಒಳಗೆ ತನ್ನಿ. ಒಲೆಯಲ್ಲಿ ಮಾಡುವವರು ಓಟಿಜಿಯನ್ನು (ಕೇಕ್ ಬೇಯಿಸುವ ಕರೆಂಟ್ ಒಲೆ) 100 ಡಿಗ್ರಿ ಸೆಲ್ಸಿಯಸ್‌ಗೆ ಇಟ್ಟು ಎರಡು ಮೂರು ಗಂಟೆ, ನಡುವೆ ಒಮ್ಮೆ ಮಗುಚಿ. ಬೇಗ ಆಗಲಿ ಅಂತ ಉರಿ ಜಾಸ್ತಿ ಮಾಡಿದರೆ ಪೂರಿಯಂತೆ ಉಬ್ಬುತ್ತದೆ.

ಕರಾವಳಿಯವರಿಗೆ ನಾನು ಇದನ್ನು ಹೇಳುವುದಿಲ್ಲ. ಉಪ್ಪು ಗಾಳಿಯಲ್ಲಿನ ತೇವವನ್ನು ಎಳೆದುಕೊಳ್ಳುತ್ತದೆ. ಮಂಗಳೂರು, ಉಡುಪಿ, ಕಾರವಾರದ ಹವೆಯಲ್ಲಿ ಒಣಗಿದ ನಕ್ಷತ್ರವೂ ಮತ್ತೆ ಮೆತ್ತಗಾಗಿ ದಾರದಿಂದ ಜಾರಬಹುದು. ಅಲ್ಲಿಗೆ ಕಾರ್ನ್‌ಫ್ಲೋರ್ ಮಣ್ಣು ಒಳ್ಳೆಯದು. ಗೋಬಿ ಮಂಚೂರಿಗೆ ತಂದ ಪೊಟ್ಟಣ ಅರ್ಧ ಉಳಿದೇ ಇರುತ್ತದೆ, ಅಲ್ವಾ? ಒಂದು ಲೋಟ ಕಾರ್ನ್‌ಫ್ಲೋರ್, ಒಂದು ಲೋಟ ಫೆವಿಕಾಲ್, ಒಂದು ಚಮಚ ಎಣ್ಣೆ, ಒಂದು ಚಮಚ ನಿಂಬೆರಸ. ಹಳೆಯ ನಾನ್‌ಸ್ಟಿಕ್ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಕೈಬಿಡದೆ ತಿರುವಿ. ಹಲ್ವದಂತೆ ತಳ ಬಿಟ್ಟು ಉಂಡೆಯಾದ ಕೂಡಲೇ ಇಳಿಸಿ, ಬೆಚ್ಚಗಿರುವಾಗ ಕೈಗೆ ಎಣ್ಣೆ ಸವರಿ ನಾದಿ. ಬಳಸದ ಭಾಗವನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಡಿ. ನೆರಳಲ್ಲಿ ಒಣಗಿಸಿ. ಒಣಗಿದಾಗ ಸ್ವಲ್ಪ ಕುಗ್ಗುತ್ತದೆ, ಹಾಗಾಗಿ ತೂತು ದೊಡ್ಡದಿರಲಿ. ಆ ಬಾಣಲೆಯನ್ನು ಮತ್ತೆ ಅಡುಗೆಗೆ ಬಳಸಬೇಡಿ.

ಬಣ್ಣಕ್ಕೆ ಅಕ್ರಿಲಿಕ್ಕೇ ಸರಿ. ನೀರಾದ ಬಣ್ಣ ಹಚ್ಚಿದರೆ ಉಪ್ಪಿನ ಹಿಟ್ಟಿನ ಮೇಲ್ಮೈ ಕರಗುತ್ತದೆ. ಬಣ್ಣ ಒಣಗಿದ ಮೇಲೆ ಹಿಂದೆ, ಮುಂದೆ, ತೂತಿನೊಳಗೆ ಬಣ್ಣವಿಲ್ಲದ ನೇಲ್ ಪಾಲಿಶ್ ಹಚ್ಚಿ. ತೇವ ತಡೆಯಲು ಅದು ಸಾಕು. ಮನೆಯಲ್ಲಿ ನಾಯಿ ಇದ್ದರೆ ಉಪ್ಪಿನ ಹಿಟ್ಟನ್ನು ಅದರ ಬಾಯಿಗೆ ಸಿಗದಷ್ಟು ಎತ್ತರದಲ್ಲಿಡಿ. ಅಷ್ಟು ಉಪ್ಪು ತಿಂದರೆ ಅದರ ಜೀವಕ್ಕೇ ಅಪಾಯ. ಹಸಿ ಹಿಟ್ಟಿನ ಉಂಡೆಗೂ ಇದೇ ಮಾತು.

ಮುರಿದ ಕ್ರೇಯಾನಿನ ಕಿಟಕಿ ಗಾಜು

ಕ್ರೇಯಾನ್ ಚೂರುಗಳನ್ನು ಶಾರ್ಪನರಿನಲ್ಲಿ ಹೆರೆದು ತುರಿ ಮಾಡಿ. ಟ್ರೇಸಿಂಗ್ ಪೇಪರಿನ ಮೇಲೆ ತೆಳುವಾಗಿ ಉದುರಿಸಿ, ಮೇಲೆ ಇನ್ನೊಂದು ಟ್ರೇಸಿಂಗ್ ಪೇಪರ್ ಮುಚ್ಚಿ. ಅದರ ಕೆಳಗೂ ಮೇಲೂ ಹಳೇ ಬಟ್ಟೆ ಇಟ್ಟು ಇಸ್ತ್ರಿಪೆಟ್ಟಿಗೆಯನ್ನು ಕಡಿಮೆ ಬಿಸಿಯಲ್ಲಿ ಐದಾರು ಸೆಕೆಂಡು ಒತ್ತಿ. ಉಜ್ಜಬೇಡಿ, ಒತ್ತಿ ಎತ್ತಿ. ಮೇಣ ಕರಗಿ ಬಣ್ಣ ಒಂದರೊಳಗೊಂದು ಹರಿಯುತ್ತದೆ. ಕೇಕ್ ಬೇಯಿಸಲು ಬಳಸುವ ಸಿಲಿಕಾನ್ ಲೇಪದ ಕಾಗದ ಮಾತ್ರ ಬೇಡ, ಅದಕ್ಕೆ ಮೇಣ ಅಂಟುವುದಿಲ್ಲ. ಮೂರಕ್ಕಿಂತ ಜಾಸ್ತಿ ಬಣ್ಣವೂ ಬೇಡ, ಎಲ್ಲ ಸೇರಿ ಕೆಸರಿನ ಬಣ್ಣವಾಗುತ್ತದೆ. ನೀಲಿ, ಹಳದಿ, ಕೆಂಪು ಬೇರೆ ಬೇರೆ ಜಾಗದಲ್ಲಿ ಉದುರಿಸಿ.

ಆರಿದ ಮೇಲೆ ನಕ್ಷತ್ರವೋ ಗಂಟೆಯೋ ಕತ್ತರಿಸಿ, ಸುತ್ತ ಕಪ್ಪು ಚಾರ್ಟಿನ ಅಂಚು ಅಂಟಿಸಿ. ಕಿಟಕಿಗೆ ತೂಗುಹಾಕಿದರೆ ಬೆಳಗಿನ ಬಿಸಿಲಿಗೆ ಚರ್ಚಿನ ಬಣ್ಣದ ಗಾಜಿನಂತೆ ಕಾಣುತ್ತದೆ. ಇಸ್ತ್ರಿ ಕೆಲಸ ದೊಡ್ಡವರದ್ದು.

ದಾರದ ಗೋಳ, ಮತ್ತು ನನ್ನ ಸೋಲು

ಬರ್ತ್‌ಡೇಗೆ ತಂದು ಮಿಕ್ಕ ಬಲೂನನ್ನು ಮುಷ್ಟಿ ಗಾತ್ರಕ್ಕೆ ಊದಿ, ಫೆವಿಕಾಲಿನಲ್ಲಿ ಅದ್ದಿದ ದಾರವನ್ನು ಸುತ್ತಿ, ಒಣಗಿದ ಮೇಲೆ ಬಲೂನ್ ಒಡೆದು ತೆಗೆಯುವುದು. ಕೇಳಲು ಇಷ್ಟೇ. ಮೊದಲ ಸಲ ನಾನು ಆರು ಮಾಡಿದೆ. ಫೆವಿಕಾಲಿಗೆ ನೀರು ಜಾಸ್ತಿಯಾಗಿತ್ತು, ಒಡೆದಾಗ ಆರೂ ಒದ್ದೆ ಶ್ಯಾವಿಗೆಯಂತೆ ಕುಸಿದವು. ಎರಡನೇ ಸಲ ತಣ್ಣನೆಯ ಬೆಳಗ್ಗೆ ಬಲೂನನ್ನು ಬಿಗಿಯಾಗಿ ಊದಿ, ಸುತ್ತಿ, ಬಿಸಿಲಿಗಿಟ್ಟೆ. ಬಿಸಿಗೆ ಒಳಗಿನ ಗಾಳಿ ಹಿಗ್ಗಿ ಎರಡು ಅಲ್ಲೇ ಢಬ್ಬೆಂದವು.

ಈಗ ಹೀಗೆ ಮಾಡುತ್ತೇನೆ. ಎರಡು ಪಾಲು ಫೆವಿಕಾಲಿಗೆ ಒಂದೇ ಪಾಲು ನೀರು. ಉಲ್ಲನ್ ಬೇಡ, ಹತ್ತಿಯ ದಾರವೇ ಬೇಕು, ಅದು ಗೋಂದನ್ನು ಚೆನ್ನಾಗಿ ಕುಡಿಯುತ್ತದೆ. ಬಲೂನಿಗೆ ಮೊದಲು ಕೊಬ್ಬರಿ ಎಣ್ಣೆ ಸವರುತ್ತೇನೆ, ಆಗ ದಾರ ಅದಕ್ಕೆ ಅಂಟಿಕೊಳ್ಳುವುದಿಲ್ಲ. ಎಲ್ಲ ದಿಕ್ಕಿನಿಂದ ಸುತ್ತಿ ನೆರಳಲ್ಲಿ ಪೂರಾ ಒಂದು ದಿನ ನೇತುಹಾಕುತ್ತೇನೆ. ಉಗುರಿನಿಂದ ತಟ್ಟಿದರೆ ಟಕ್ ಅನ್ನಬೇಕು. ಆಮೇಲೆ ಸೂಜಿ.

ಕೈಯಲ್ಲಿ ಚೂರುಪಾರು ಉಳಿದಿದ್ದರೆ

ಐಸ್‌ಕ್ರೀಮ್ ಕಡ್ಡಿ ಮೂರನ್ನು ತ್ರಿಕೋನ ಮಾಡಿ ಅಂಟಿಸಿ ಹಸಿರು ಉಲ್ಲನ್ ಸುತ್ತಿದರೆ ಮರ. ಒಡೆಯದ ಹಳೆ ಬಳೆಗೆ ಉಲ್ಲನ್ ಸುತ್ತಿ ಮೇಲೊಂದು ಕೆಂಪು ರಿಬ್ಬನ್ ಕಟ್ಟಿದರೆ ಹೂಬಳೆ. ನಾಲ್ಕು ಬೆರಳಿಗೆ ಅರವತ್ತು ಸುತ್ತು ಉಲ್ಲನ್ ಸುತ್ತಿ, ನಡುವೆ ಬಿಗಿದು, ಎರಡು ಬದಿ ಕತ್ತರಿಸಿದರೆ ಕುಚ್ಚಿನ ಚೆಂಡು. ಕಾಗದದಲ್ಲಿ ಹಿಮದ ಹೂವು ಕತ್ತರಿಸುವವರು ಆರು ಮಡಿಕೆ ಹಾಕಿ, ಎಂಟಲ್ಲ. ಹಿಮದ ಹರಳಿಗೆ ಆರೇ ಮೂಲೆ. ನಮ್ಮೂರಲ್ಲಿ ಹಿಮ ಎಲ್ಲಿದೆ ಅಂತ ಕೇಳಿದರೆ ನನ್ನ ಹತ್ತಿರ ಉತ್ತರ ಇಲ್ಲ. ನಾನಂತೂ ಅದೇ ಕಾಗದದಲ್ಲಿ ಗಿಳಿ ಕತ್ತರಿಸುತ್ತೇನೆ.

ತೂಗುಹಾಕುವುದು, ಇಳಿಸುವುದು

ಸೀರಿಯಲ್ ಲೈಟ್ ಮೊದಲು ಸುತ್ತಿ, ಅಲಂಕಾರ ಆಮೇಲೆ. ಕಾಗದ ಮತ್ತು ಮೇಣ ಇರುವ ಮರಕ್ಕೆ ಎಲ್‌ಇಡಿ ಮಾತ್ರ ಹಾಕಿ, ಬಿಸಿಯಾಗುವ ಹಳೆ ಬಲ್ಬಿನ ಸರ ಬೇಡ. ಗಾಳಿ ಮರದ ಕೊಂಬೆ ವಾರದಲ್ಲಿ ಒಣಗಿ ಕಡ್ಡಿಯಾಗುತ್ತದೆ, ಅದರ ಹತ್ತಿರ ಮೇಣದಬತ್ತಿ ಇಡಬೇಡಿ. ದಿನಾ ಬಕೆಟ್ಟಿನ ಮರಳಿಗೆ ಒಂದು ಚೊಂಬು ನೀರು ಹಾಕಿ. ಕೊಕ್ಕೆಗೆ ಜೆಮ್ ಕ್ಲಿಪ್ಪನ್ನು ಬಿಡಿಸಿ ಎಸ್ ಆಕಾರ ಮಾಡಿಕೊಳ್ಳಿ. ದಾರಕ್ಕೆ ಹೂ ಕಟ್ಟುವ ದಾರ ಸಾಕು, ಹಸಿರು ಬಾಳೆನಾರಿದ್ದರೆ ಇನ್ನೂ ಚೆಂದ. ಭಾರದ್ದು ಒಳಗೆ, ಹಗುರದ್ದು ತುದಿಗೆ.

ಜನವರಿ 6, ಬಾಲಯೇಸುವನ್ನು ನೋಡಲು ಬಂದ ಮೂರು ರಾಯರ ಹಬ್ಬ ಮುಗಿದ ಮೇಲೆ ನಾವು ಇಳಿಸುತ್ತೇವೆ. ಮೂವತ್ತು ಮೊಟ್ಟೆಯ ರಟ್ಟಿನ ಟ್ರೇ ಇದ್ದರೆ ಕುಚ್ಚು, ಹಿಟ್ಟಿನ ಚಿಕ್ಕ ಗೊಂಬೆ ಒಂದೊಂದು ಗುಂಡಿಯಲ್ಲಿ ಕೂರುತ್ತವೆ. ಹಿಟ್ಟಿನವನ್ನು ನ್ಯೂಸ್ ಪೇಪರಿನಲ್ಲಿ ಸುತ್ತಿ, ಹೊಸ ಚಪ್ಪಲಿ ಡಬ್ಬದಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣ ಒಂದೆರಡು ಜೊತೆಗಿಡಿ. ಕ್ರೇಯಾನಿನ ಗಾಜನ್ನು ಪುಸ್ತಕದ ನಡುವೆ ಇಟ್ಟು ಬಿಸಿಲು ಬೀಳದ ಕಪಾಟಿಗೆ ಸೇರಿಸಿ, ಏಪ್ರಿಲ್ ಸೆಕೆಗೆ ಮೇಣ ಮೆತ್ತಗಾಗುತ್ತದೆ. ಮದುವೆ ಕಾರ್ಡಿನ ಚೆಂಡಿಗೆ ಮಾತ್ರ ಮೊಟ್ಟೆ ಟ್ರೇ ಸಾಲದು. ಅದು ನಮ್ಮಲ್ಲಿ ಬಿಸ್ಕತ್ ಡಬ್ಬದ ಮೇಲೆ, ಪ್ರೆಶರ್ ಕುಕ್ಕರಿನ ಖಾಲಿ ಪೆಟ್ಟಿಗೆಯಲ್ಲಿ ಇರುತ್ತದೆ.